ಅಣಬೆ ಏಳುವ ಜಾಗ

ನನಗೆ 11 ವರ್ಷವಾಗಿದ್ದಾಗ ದೊಡ್ಡಮ್ಮ ನನ್ನ ಹೆಸರಿಗೆ ಒಂದು ಆಸ್ತಿ ಮಾಡಿದರು. ಅದಕ್ಕೆ ಪಹಣಿ ಇಲ್ಲ, ಸರ್ವೆ ನಂಬರ್ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನ ಸೊಪ್ಪಿನಬೆಟ್ಟದಲ್ಲಿ ಹೆಗ್ಗಾಲಣಬೆ ಏಳುವ ಜಾಗ ಅದು. "ನಿನಗೊಬ್ಬನಿಗೇ ತೋರಿಸ್ತಿರೋದು. ನಿಮ್ಮಪ್ಪನಿಗೂ ಹೇಳಬೇಡ" ಅಂದರು. ಅಪ್ಪನಿಗೂ ಗೊತ್ತಿಲ್ಲದ್ದು ನನಗೆ ಗೊತ್ತು! ಆವತ್ತು ಮನೆಗೆ ಬರುವಾಗ ಎರಡು ಇಂಚು ಎತ್ತರವಾಗಿದ್ದೆ.

ದೊಡ್ಡಮ್ಮ ಅಣಬೆಗೆ ಹೋಗುವುದು ನೋಡಬೇಕಿತ್ತು. ಆರಿದ್ರ ಮಳೆ ಹಿಡಿದು ಹೊಡೆದು, ನಡುವೆ ಸ್ವಲ್ಪ ಹೊಳವಾಗಬೇಕು. ಹಿಂದಿನ ರಾತ್ರಿ ಗುಡುಗಿದ್ದರಂತೂ ಅವರಿಗೆ ನಿದ್ದೆ ಇಲ್ಲ. ಬೆಳಕು ಹರಿಯುವ ಮೊದಲೇ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು. ಯಾರಾದರೂ ಕೇಳಿದರೆ "ಕೊಟ್ಟಿಗೆಗೆ ಸೊಪ್ಪು ತರೋಣ ಅಂತ." ನೇರ ದಾರಿ ಬಿಟ್ಟು ಗದ್ದೆ ಅಂಚಿಗೆ ಸುತ್ತು ಹಾಕಿ ಹೋಗುವುದು. ಬರುವಾಗ ಬುಟ್ಟಿಯ ಮೇಲೆ ನಿಜವಾಗಿಯೂ ಸೊಪ್ಪು. ಕೆಳಗೆ ಅಣಬೆ. ಹುತ್ತಕ್ಕೆ ಕಬ್ಬಿಣ ತಾಗಿಸಬಾರದು, ಬರಿಗೈಯಲ್ಲೇ ಕೀಳಬೇಕು, ಕಿತ್ತ ಗುರುತು ಕಾಣದ ಹಾಗೆ ತರಗೆಲೆ ಮುಚ್ಚಬೇಕು. ಇದು ಅವರ ಕಾನೂನು.

ಇಷ್ಟೆಲ್ಲ ಗುಟ್ಟು ಮಾಡಲು ಕಾರಣವಿದೆ. ಈ ಅಣಬೆಯನ್ನು ಹುಲ್ಲಿನ ಚೀಲ ಕಟ್ಟಿ ಬೆಳೆಯಲು ಬರುವುದಿಲ್ಲ. ಇದರ ರೈತರು ಗೆದ್ದಲುಗಳು. ತರಗು, ಕಟ್ಟಿಗೆ ತಿಂದು ಬಂದು ಗೂಡಿನೊಳಗೆ ಅದರಲ್ಲೇ ತೋಟ ಮಾಡಿ, ಈ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದಾಗ ಅದೇ ಮೇಲೆ ಕೊಡೆ ಬಿಚ್ಚುತ್ತದೆ. ಗೂಡು ಚೆನ್ನಾಗಿದ್ದರೆ ಮುಂದಿನ ವರ್ಷವೂ ಅಲ್ಲೇ. ಹಾಗಾಗಿ ಜಾಗ ಗೊತ್ತಿದ್ದವರದ್ದೇ ಬೆಳೆ. ಅಡಿಕೆ ತೋಟಕ್ಕಾದರೆ ಬೇಲಿ ಹಾಕಬಹುದು, ಇದಕ್ಕೆ ಬಾಯಿ ಮುಚ್ಚಿಕೊಳ್ಳುವುದೊಂದೇ ಬೇಲಿ.

ಆದರೆ ತಮಾಷೆ ನೋಡಿ. ಬೆಟ್ಟದಲ್ಲಿ ಅಷ್ಟು ಜೋಪಾನ ಮಾಡಿದ ದೊಡ್ಡಮ್ಮ ಅಡುಗೆಮನೆಯ ಕಿಟಕಿ ಮಾತ್ರ ಮುಚ್ಚುತ್ತಿರಲಿಲ್ಲ. ಅಣಬೆ ಸಾರಿನ ಘಮ ಕೆಳಮನೆಯವರೆಗೆ ಹೋಗುತ್ತಿತ್ತು. ಕೆಳಮನೆಯ ಅಕ್ಕ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು, "ಏನು ಅಣಬೆಯಾ? ಎಲ್ಲಿ ಸಿಕ್ತು?" ಅನ್ನೋರು. "ಅಯ್ಯೋ, ಅಲ್ಲೇ ಎಲ್ಲೋ ಹಾದಿಯಲ್ಲಿತ್ತು." ಆ "ಅಲ್ಲೇ ಎಲ್ಲೋ" ಹೇಳುವಾಗ ಅವರ ಮುಖ ನೋಡಬೇಕಿತ್ತು, ಮಗಳ ಮದುವೆಯಲ್ಲೂ ಅಷ್ಟು ಕಳೆ ಇರಲಿಲ್ಲ. ನನಗೆ ಆಗಲೇ ಅನುಮಾನ ಬಂದಿತ್ತು. ಗುಟ್ಟಿನ ರುಚಿ ಇರುವುದು ಬಚ್ಚಿಡುವುದರಲ್ಲಲ್ಲ. ಏನೋ ಇದೆ ಅಂತ ನಾಲ್ಕು ಜನಕ್ಕೆ ಗೊತ್ತಿರಬೇಕು, ಏನು ಅಂತ ಗೊತ್ತಿರಬಾರದು. ಹಿಂದೆ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದರು. ಬೆರಳು ಯಾರಿಗೂ ಕಾಣದು, ಟವೆಲ್ ಮಾತ್ರ ಇಡೀ ಜಾತ್ರೆಗೆ ಕಾಣುತ್ತಿತ್ತು!

ಭಾರ ಅಂದರೆ ಏನು ಅಂತ ನನಗೆ ಶಾಲೆಯಲ್ಲಿ ಗೊತ್ತಾಯಿತು. ಪಕ್ಕದಲ್ಲಿ ಕೂರುವ ಹುಡುಗನಿಗೆ ಹೇಳದೆ ಹೊಟ್ಟೆ ಉಬ್ಬರಿಸಿಬಿಡುತ್ತಿತ್ತು. ನಮ್ಮ ಕಡೆ ಗುಟ್ಟಿನ ಆಯುಷ್ಯವೂ ಕಡಿಮೆ. ತೀರ್ಥಹಳ್ಳಿಯಲ್ಲಿ ಬಸ್ ಹತ್ತಿ "ಯಾರಿಗೂ ಹೇಳಬೇಡ ಮತ್ತೆ" ಅಂತ ಶುರು ಮಾಡಿದ್ದು ಮಂಡಗದ್ದೆ ದಾಟುವಷ್ಟರಲ್ಲಿ ಹಿಂದಿನ ಸೀಟಿಗೆ ತಲುಪಿರುತ್ತದೆ. ಶರಾವತಿಯ ಕಥೆಯೂ ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಡಿ ಸೇರಿತು. ಅಷ್ಟು ನೀರು ಮೇಲೆ ಹೇರಿದರೂ, ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಎದ್ದು ನಿಲ್ಲುತ್ತದೆ. ನಾನು 11 ವರ್ಷದ ಹುಡುಗ. ಆದರೂ ಹೇಳಲಿಲ್ಲ, ಅದೊಂದು ಹೆಮ್ಮೆ.

ದೊಡ್ಡಮ್ಮ ಹೋಗಿ ಬಹಳ ವರ್ಷವಾಯಿತು. ನಾನು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ರಾತ್ರಿ ಗುಡುಗಿದರೆ ನನಗೂ ಈಗ ನಿದ್ದೆ ಹತ್ತುವುದಿಲ್ಲ. ಅಣಬೆ ಎದ್ದಿರುತ್ತದೆ, ಅರಳುತ್ತದೆ, ನಾಳೆಗೆ ಹುಳ ಬೀಳುತ್ತದೆ. ಮಗನಿಗೆ ತೋರಿಸೋಣ ಅಂದರೆ ಅವನಿಗೆ ಸೂಪರ್ ಮಾರ್ಕೆಟ್ಟಿನ ಬಟನ್ ಅಣಬೆಯೇ ಸಾಕು. ತಗೊಳ್ಳುವವರೇ ಇಲ್ಲದ ಗುಟ್ಟು ಬಹಳ ತೂಕ ಮಾರಾಯ್ರೇ.

ಕಳೆದ ಮಳೆಗಾಲ ತಡೆಯಲಾಗದೆ ಊರಿಗೆ ಹೋದೆ. ಬೆಳಿಗ್ಗೆ ಗದ್ದೆ ಅಂಚಿಗೆ ಸುತ್ತು ಹಾಕಿಯೇ ಹೋದೆ, ಕೇಳುವವರು ಯಾರೂ ಇಲ್ಲದಿದ್ದರೂ. ಹುತ್ತ ಇತ್ತು. ಅಣಬೆ ಇರಲಿಲ್ಲ. ಎದ್ದಿಲ್ಲವೇನೋ ಅಂತ ಬಗ್ಗಿ ನೋಡಿದರೆ ತರಗೆಲೆ ಯಾಕೋ ಅಚ್ಚುಕಟ್ಟಾಗಿ ಹರಡಿತ್ತು. ಸರಿಸಿದೆ. ಹೊಸದಾಗಿ ಕಿತ್ತ ಗುರುತು. ಕತ್ತಿ, ಗುದ್ದಲಿ ಏನೂ ತಾಗಿಸಿರಲಿಲ್ಲ, ಬರಿಗೈಯಲ್ಲೇ ಕಿತ್ತಿದ್ದರು. "ನಿನಗೊಬ್ಬನಿಗೇ" ಅಂತ ದೊಡ್ಡಮ್ಮ ಇನ್ನೆಷ್ಟು ಜನಕ್ಕೆ ಹೇಳಿದ್ದರೋ!

ಕೋಪ ಬರಬೇಕಿತ್ತು, ನಗು ಬಂತು. ಎಲೆಯನ್ನು ಮೊದಲಿನ ಹಾಗೇ ಮುಚ್ಚಿ ಇಳಿದು ಬಂದೆ.

ಮಧ್ಯಾಹ್ನ ಕೆಳಮನೆಯ ಅಕ್ಕ ಊಟಕ್ಕೆ ಕರೆದರು. ಅವರಿಗೂ ಈಗ ತಲೆ ಪೂರ್ತಿ ನೆರೆತಿದೆ. ಕಡುಬು, ಅಣಬೆ ಸಾರು.

"ಎಲ್ಲಿ ಸಿಕ್ತು ಅಕ್ಕ?"

"ಅಯ್ಯೋ, ಅಲ್ಲೇ ಎಲ್ಲೋ ಹಾದಿಯಲ್ಲಿತ್ತು" ಅಂದರು. ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.