ಸಾಲ ಹೊಸದು, ಕಾರು ಹಳೇದು

ನಿಮಗೂ ಆ ಮೆಸೇಜು ಬಂದಿರುತ್ತದೆ ಬಿಡಿ. "ಅಭಿನಂದನೆಗಳು! ನಿಮ್ಮ ಯೂಸ್ಡ್ ಕಾರ್ ಲೋನ್ ಪ್ರೀ ಅಪ್ರೂವ್ ಆಗಿದೆ. 84 ತಿಂಗಳವರೆಗೆ ಸುಲಭ ಕಂತು." ನಾನು ಕೇಳಿರಲಿಲ್ಲ. ಅರ್ಜಿ ಹಾಕಿರಲಿಲ್ಲ. ಪರೀಕ್ಷೆಗೆ ಕೂರದೇ ಪಾಸಾದ ಹುಡುಗನ ಹಾಗೆ ಒಂದು ಗಳಿಗೆ ಖುಷಿಯೇ ಆಯಿತು. ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ಬೇಗ ಒಪ್ಪಿಕೊಂಡದ್ದಿಲ್ಲ.

ಆಮೇಲೆ 84ನ್ನು 12ರಿಂದ ಭಾಗಿಸಿದೆ. ಏಳು ವರ್ಷ. ಹಳೇ ಕಾರಿಗೆ ಏಳು ವರ್ಷದ ಸಾಲ! ಕೊಡುವವರ ಧೈರ್ಯ ಮೆಚ್ಚಬೇಕು. ಎಷ್ಟೋ ಕಂಪನಿಗಳು ತಾವೇ ಕಟ್ಟಿದ ಹೊಚ್ಚಹೊಸ ಕಾರಿಗೂ ಅಷ್ಟು ವರ್ಷದ ವಾರಂಟಿ ಕೊಡುವುದಿಲ್ಲ.

ಮೆಸೇಜು ಬಂದ ಹೊತ್ತೂ ಹಾಗಿತ್ತು. ನನ್ನ ಕಾರಿಗೆ 13 ತುಂಬಿತ್ತು. ಮನುಷ್ಯನಿಗೆ ವಯಸ್ಸಾದರೆ ಕೂದಲು ಹೇಳುತ್ತದೆ, ಕಾರಿಗೆ ವಯಸ್ಸಾದರೆ ಸೌಂಡು ಹೇಳುತ್ತದೆ. ಮೊದಲ ಸಲ ಸೌಂಡು ಕೇಳಿಸಿದಾಗ ಎಲ್ಲರೂ ಮಾಡುವ ಚಿಕಿತ್ಸೆಯನ್ನೇ ನಾನೂ ಮಾಡಿದೆ. ರೇಡಿಯೋ ಜೋರು ಮಾಡಿದೆ. ಆರು ತಿಂಗಳು ಗುಣ ಕಂಡಿತು.

ಆಮೇಲೆ ಗ್ಯಾರೇಜಿಗೆ ಹೋಗಲೇಬೇಕಾಯಿತು. ಆಫೀಸಿನಲ್ಲಿ ಹತ್ತು ಜನರನ್ನು ಗದರಿಸುವವರೂ ಸಣ್ಣ ಮಕ್ಕಳಾಗುವ ಜಾಗ ಅದು. ಅಲ್ಲಿ ನಿಂತು ಬಾಯಲ್ಲಿ ಸೌಂಡು ಮಾಡಿ ತೋರಿಸಬೇಕು.

"ಎಂಥಾ ಸೌಂಡು ಸಾರ್?"

"ಗುರ್ ಟಕ್... ಗುರ್ ಟಕ್."

"ಟಕ್ ಮೊದಲೋ, ಗುರ್ ಮೊದಲೋ?"

"ಗುರ್ ಮೊದಲು. ಆಮೇಲೆ ಟಕ್."

"ತಿರುಗಿಸುವಾಗಲಾ, ನೆಟ್ಟಗೆ ಹೋಗುವಾಗಲಾ?"

"ಎರಡರಲ್ಲೂ. ತಿರುಗಿಸುವಾಗ ಟಕ್ ಸ್ವಲ್ಪ ಜಾಸ್ತಿ."

ಪಕ್ಕದಲ್ಲಿ ಸ್ಪಾನರ್ ಹಿಡಿದ ಹುಡುಗ ನಗು ತಡೆಯಲು ಟೈರಿನ ಹಿಂದೆ ಹೋಗಿ ಕೂತ. ಕೂರಲಿ. ಹದಿಮೂರು ವರ್ಷದಲ್ಲಿ ಈ ಭಾಷೆಯ ವ್ಯಾಕರಣ ನನಗೂ ಅಷ್ಟಿಷ್ಟು ಬಂದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅಂದರೆ ಆಕ್ಸಲ್ ಜಾಯಿಂಟು. ಹಂಪ್ ದಾಟುವಾಗ ಧಡ್ ಅಂದರೆ ಸಸ್ಪೆನ್ಷನ್ ಬುಶ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಚ್ ಅಂದರೆ ಬೆಲ್ಟು. ಬ್ರೇಕ್ ಒತ್ತಿದಾಗ ಕರ್ರ್ ಅಂದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಅದನ್ನು ಮಾತ್ರ ರೇಡಿಯೋ ಹಾಕಿ ಮುಚ್ಚಬೇಡಿ.

ಮೆಕ್ಯಾನಿಕ್ ಒಂದು ಸುತ್ತು ಓಡಿಸಿಕೊಂಡು ಬಂದ. ಸೌಂಡು ಬರಲಿಲ್ಲ. ಅವನ ಮುಂದೆ ಅದು ಯಾವತ್ತೂ ಬರುವುದಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುತ್ತದಲ್ಲ, ಹಾಗೆ. ಕೊನೆಗೆ ಏನೋ ಒಂದು ಬದಲಾಯಿಸಿ, "ಇದೊಂದು ಮಾಡಿಸಿಬಿಟ್ರೆ ಇನ್ನೆರಡು ವರ್ಷ ಬಾನೆಟ್ ಎತ್ತೋ ಹಾಗೇ ಇಲ್ಲ ಸಾರ್" ಅಂದ. ಅವನು ಸುಳ್ಳು ಹೇಳಲಿಲ್ಲ. ಮುಂದಿನ ಸಲ ಕೆಟ್ಟದ್ದು ಬಾನೆಟ್ಟಿನ ಕೆಳಗಲ್ಲ, ಹಿಂದಿನ ಆಕ್ಸಲ್ಲಿನ ಹತ್ತಿರ.

ಹೀಗೆ ಮನಸ್ಸು ಕದಡಿದ ಹೊತ್ತಿಗೆ ಪ್ರೀ ಅಪ್ರೂವ್ ಬಂದರೆ ಯಾರು ತಾನೇ ನಿಲ್ಲುತ್ತಾರೆ? ಹಳೇ ಕಾರು ಮಾರುವ ಶೋರೂಮಿಗೆ ಹೋದೆ.

ಸೆಕೆಂಡ್ ಹ್ಯಾಂಡ್ ಅನ್ನುವ ಮಾತು ಅಲ್ಲಿ ನಿಷೇಧ. ಮೊದಲು ಪ್ರೀ ಓನ್ಡ್ ಅನ್ನುತ್ತಿದ್ದರು. ಈಗ ಪ್ರೀ ಲವ್ಡ್. ಅಂದರೆ ಹಿಂದಿನವನು ಇದನ್ನು ಪ್ರೀತಿಸುತ್ತಿದ್ದನಂತೆ. ಸೀಟಿನ ಮೇಲಿನ ಕಲೆ ನೋಡಿದರೆ ಊಟಕ್ಕೂ ಕೆಳಗಿಳಿಯದಷ್ಟು ಪ್ರೀತಿ. ಸಾಲಾಗಿ ನಿಂತ ಕಾರುಗಳನ್ನೆಲ್ಲ ಡಾಕ್ಟರೇ ಓಡಿಸಿದ್ದರು, ಇಲ್ಲವೇ ಭಾನುವಾರ ಮಾತ್ರ ಹೊರಗೆ ತೆಗೆಯುವ ನಿವೃತ್ತರು. ಹಳೇ ಕಾರಿನ ಲೋಕದಲ್ಲಿ ದಿನಾ ಆಫೀಸಿಗೆ ಹೋಗುವವನು, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವನು ಒಬ್ಬನೂ ಇಲ್ಲ. ಅವರ ಕಾರುಗಳೆಲ್ಲ ಎಲ್ಲಿಗೆ ಹೋಗುತ್ತವೋ.

ನನಗೆ ತೋರಿಸಿದ್ದು ಆರು ವರ್ಷದ ಕಾರು. ಮೀಟರ್ 38 ಸಾವಿರ ಕಿಲೋಮೀಟರ್ ಅನ್ನುತ್ತಿತ್ತು. ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿತ್ತು. ಸ್ಟೀರಿಂಗು ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಅಂಚು ಕುಸಿದಿತ್ತು. ಟೈರ್ "ಕಂಪನಿಯದ್ದೇ ಸಾರ್, ಇನ್ನೂ ಬದಲಾಯಿಸಿಲ್ಲ" ಅಂದ ಶೋರೂಮಿನ ಹುಡುಗ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಬಗ್ಗಿ ನೋಡಿದೆ. ಟೈರು ಕಾರಿಗಿಂತ ಮೂರು ವರ್ಷ ಚಿಕ್ಕದು. ಹುಡುಗನೂ ಬಗ್ಗಿ ನೋಡಿದ. ಪಾಪ, ಅವನಿಗೆ ಆ ಅಂಕಿಯ ಅರ್ಥ ಅವತ್ತೇ ಗೊತ್ತಾದದ್ದು. ಸಾಲ ಕೊಡುವ ಮೊದಲು ಕಾರನ್ನು 200 ಪಾಯಿಂಟ್ ತಪಾಸಣೆ ಮಾಡಿದ್ದಾರಂತೆ. ಸೀಟಿನ ಕೆಳಗಿನ ಮ್ಯಾಟು ಕೂಡ ಒಂದು ಪಾಯಿಂಟು. ಪೆಡಲ್ ಯಾವ ಪಾಯಿಂಟಿನಲ್ಲೂ ಇರಲಿಲ್ಲ.

ಮೀಟರ್ ಹಿಂದಕ್ಕೆ ತಿರುಗಿಸುವುದು ದೊಡ್ಡ ಕಲೆ. ಹಿಂದೆಲ್ಲ ಡ್ರಿಲ್ ಹಿಡಿದು ಕೂರಬೇಕಿತ್ತು. ಈಗ ಡಿಜಿಟಲ್ ಬಂದ ಮೇಲೆ ಒಂದು ಸಣ್ಣ ಡಬ್ಬಿ, ಒಂದು ವೈರು, ಎರಡು ನಿಮಿಷ. ಅಮೆರಿಕದಲ್ಲಿ ಇದನ್ನು ತಡೆಯಲು 1972ರಲ್ಲೇ ಕಾನೂನು ಮಾಡಿದರು. ಆದರೂ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಕಾರುಗಳು ಸುಳ್ಳು ಮೀಟರಿನಲ್ಲೇ ಮಾರಾಟವಾಗುತ್ತವೆ ಅಂತ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯೇ ಅಂದಾಜು ಮಾಡಿದೆ. ವಯಸ್ಸು ಇಳಿಸುವ ಕ್ರೀಮು ಮನುಷ್ಯರಿಗೆ ಇನ್ನೂ ಸರಿಯಾಗಿ ಕೆಲಸ ಮಾಡಿಲ್ಲ. ಕಾರಿಗೆ ಮಾತ್ರ ಎಂದೋ ಸಿಕ್ಕಿಬಿಟ್ಟಿದೆ.

ಅದೇ ದೇಶದಲ್ಲಿ ಕೈಕೊಡುವ ಕಾರಿಗೆ ನಿಂಬೆಹಣ್ಣು ಅನ್ನುತ್ತಾರೆ. ಜಾರ್ಜ್ ಅಕೆರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಈ ನಿಂಬೆಹಣ್ಣಿನ ಮೇಲೇ ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನವನು ಮಾರುವುದೇ ಇಲ್ಲ. ಮಾರುಕಟ್ಟೆಯಲ್ಲಿ ಉಳಿಯುವುದು ಬರೀ ನಿಂಬೆಹಣ್ಣು. ಇಷ್ಟೇ ವಿಷಯ. ಮೂರು ಪತ್ರಿಕೆಗಳು ಇದನ್ನು ವಾಪಸ್ ಕಳಿಸಿದವು, ಅವುಗಳಲ್ಲಿ ಎರಡು ಇದೇನು ಮಹಾ ವಿಷಯ ಅಂತ. ಕೊನೆಗೆ 1970ರಲ್ಲಿ ಅಚ್ಚಾಯಿತು. 2001ರಲ್ಲಿ ಇನ್ನಿಬ್ಬರ ಜೊತೆ ಹಂಚಿಕೊಂಡು ನೊಬೆಲ್ ಬಂತು. ಹಳೇ ಕಾರಿನಿಂದ ಇಷ್ಟು ಲಾಭ ಮಾಡಿಕೊಂಡ ಇನ್ನೊಬ್ಬ ಮನುಷ್ಯ ನನಗೆ ಗೊತ್ತಿಲ್ಲ. ನಮ್ಮಂಥವರು ಸುಮ್ನೆ ಹಿಂಡಿಸಿಕೊಳ್ಳುವವರು.

ಹಳೇ ಕಾರು ಅಗ್ಗಕ್ಕಾದರೂ ಸಿಗುತ್ತೆ ಅಂತ ಒಂದು ಸಮಾಧಾನ ಇತ್ತು. 2021ರಲ್ಲಿ ಅದೂ ಹೋಯಿತು, ನೆನಪಿದೆಯಲ್ಲ? ಚಿಪ್ ಸಿಗದೆ ಹೊಸ ಕಾರು ತಡವಾಯಿತು. ಕೆಲವು ಕಡೆ ಒಂದು ವರ್ಷ ಓಡಿದ ಕಾರು ಹೊಸ ಕಾರಿಗಿಂತ ದುಬಾರಿಯಾಗಿ ಹೋಯಿತು. ಇನ್ನೊಬ್ಬರು ಕೂತ ಸೀಟಿಗೆ ಹೆಚ್ಚುವರಿ ದುಡ್ಡು.

ಈಗ ಸಾಲದ ಮೇಜಿಗೆ ಬರೋಣ. ಅಲ್ಲಿ ಕೂತವನು ಕಾರಿನ ಬೆಲೆ ಹೇಳಲೇ ಇಲ್ಲ. ನಾನು ಎರಡು ಸಲ ಕೇಳಿದೆ. ಎರಡು ಸಲವೂ ನಕ್ಕ.

"ಬೆಲೆ ಬಿಡಿ ಸಾರ್. ತಿಂಗಳಿಗೆ ಎಷ್ಟು ಕಟ್ಟೋಕಾಗುತ್ತೆ ಹೇಳಿ. ಉಳಿದದ್ದು ನನಗೆ ಬಿಡಿ."

ಕುತ್ತಿಗೆಯ ಅಳತೆ ತೆಗೆದುಕೊಂಡು ಹಗ್ಗ ಹೊಸೆಯುವುದು ಅಂದರೆ ಇದೇ. ನಾನು ಒಂದು ಅಂಕಿ ಹೇಳಿದೆ. ಕಂತು ಸರಿಯಾಗಿ ಅಷ್ಟಕ್ಕೇ ಬಂದು ಕೂತಿತು. ಅದಕ್ಕಿಂತ ಕಮ್ಮಿ ಹೇಳಿದ್ದರೂ ಬಂದು ಕೂರುತ್ತಿತ್ತು, ತಿಂಗಳುಗಳು ಮಾತ್ರ ಉದ್ದವಾಗುತ್ತಿದ್ದವು.

"ಬಡ್ಡಿ?"

"ಬರೀ 7 ಸಾರ್. ಫ್ಲಾಟ್."

ಫ್ಲಾಟ್ ಅನ್ನುವ ಪದ ಎಷ್ಟು ಮುದ್ದಾಗಿದೆ ನೋಡಿ. ಏರಿಲ್ಲ, ಇಳಿಜಾರಿಲ್ಲ, ಸಪಾಟು. ಸಾಲ 100 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 7ರಂತೆ ಏಳು ವರ್ಷಕ್ಕೆ ಬಡ್ಡಿ 49. ಒಟ್ಟು 149, ಭಾಗಿಸು 84, ಕಂತು 1.77. ತಿಂಗಳು ತಿಂಗಳೂ ನೀವು ಅಸಲು ತೀರಿಸುತ್ತಾ ಬರುತ್ತೀರಿ. ಆದರೆ ಏಳನೇ ವರ್ಷದಲ್ಲೂ ಬಡ್ಡಿ ಪೂರ್ತಿ 100ರ ಮೇಲೇ. ಎಂದೋ ವಾಪಸ್ ಕೊಟ್ಟ ದುಡ್ಡಿಗೂ ಬಾಡಿಗೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ಇದನ್ನು ತಿರುಗಿಸಿದರೆ 7 ಅನ್ನುವುದು 12 ದಾಟುತ್ತದೆ. ಆ ಲೆಕ್ಕದಲ್ಲಿ ಮೊದಲ ಕಂತಿನ 1.77ರಲ್ಲಿ 1 ಬಡ್ಡಿಗೇ ಹೋಯಿತು. ಒಂದು ವರ್ಷ ತಪ್ಪದೆ ಕಟ್ಟಿ 21 ಕಳೆದುಕೊಂಡ ಮೇಲೆ ಸಾಲ 10 ಕೂಡ ಇಳಿದಿರುವುದಿಲ್ಲ. ಕಾರಿನ ಬೆಲೆ ಮಾತ್ರ ಯಾರನ್ನೂ ಕಾಯದೆ ಇಳಿಯುತ್ತಿರುತ್ತದೆ.

ಇನ್ನೊಂದು ಚಂದ ಇದೆ. ಕಾರು ಕಳುವಾದರೆ, ಇಲ್ಲವೇ ಗುದ್ದಿ ಚಪ್ಪಟೆಯಾದರೆ, ಇನ್ಶೂರೆನ್ಸಿನವರು ಕೊಡುವುದು ಸವಕಳಿ ಕಳೆದು ಉಳಿದ ಕಾರಿನ ಬೆಲೆ. ಸಾಲ ಅದಕ್ಕಿಂತ ಜಾಸ್ತಿ ಇದ್ದರೆ ಮಿಕ್ಕಿದ್ದು ನಿಮ್ಮ ತಲೆಗೆ. ಅಂದರೆ ಕಾರಿಲ್ಲ, ಕಂತಿದೆ. ಹೆದರಬೇಡಿ, ಆ ವ್ಯತ್ಯಾಸ ತುಂಬಿಸಲು ಇನ್ನೊಂದು ಇನ್ಶೂರೆನ್ಸ್ ಮಾರುತ್ತಾರೆ. ಅದರ ದುಡ್ಡನ್ನೂ ಸಾಲಕ್ಕೇ ಸೇರಿಸುತ್ತಾರೆ. ಅದಕ್ಕೂ ಬಡ್ಡಿ. ಹೊಂಡ ತೋಡಿದವರೇ ಏಣಿ ಮಾರುವುದು, ಏಣಿಗೂ ಕಂತು ಕಟ್ಟಿಸುವುದು. ಈ ಬುದ್ಧಿವಂತಿಕೆಗೆ ನಾನು ಮನಸಾರೆ ಚಪ್ಪಾಳೆ ತಟ್ಟುತ್ತೇನೆ.

ಇಲ್ಲ, ತಟ್ಟುವುದಿಲ್ಲ. ಸಾಕಾಯಿತು.

ಹೊಸ ಕಾರು ಕೊಳ್ಳುವವನಿಗೆ ಕಮ್ಮಿ ಬಡ್ಡಿ, ಹಳೇ ಕಾರು ಕೊಳ್ಳುವವನಿಗೆ ಜಾಸ್ತಿ ಬಡ್ಡಿ. ಕಾರಣ ಕೇಳಿದರೆ, ಹಳೇ ಕಾರು ನಂಬಿಕೆಗೆ ಯೋಗ್ಯವಲ್ಲ, ರಿಸ್ಕು ಜಾಸ್ತಿ ಅನ್ನುತ್ತಾರೆ. ಹಾಗಾದರೆ ಅದನ್ನು ಏಳು ವರ್ಷ ನಂಬು ಅಂತ ನನಗೆ ಯಾಕೆ ಮಾರುತ್ತೀರಿ? ಹಳೇ ಕಾರು ಹುಡುಕಿಕೊಂಡು ಹೋಗುವವನು ಶೋಕಿಗೆ ಹೋಗುವುದಿಲ್ಲ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ. ಮನೆಯಲ್ಲಿ ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಾದ ತಾಯಿ ಇರುತ್ತಾರೆ. ಕೆಲಸಕ್ಕೆ ಹೋಗಲು ಕಾರು, ಕಾರಿನ ಕಂತಿಗಾಗಿ ಕೆಲಸ. ಹಿಂದಿನ ಸಾಲ ಹೇಗೆ ಕಟ್ಟಿದ ಅಂತ ನೋಡಿ ಕೊಡುವ ಕ್ರೆಡಿಟ್ ಸ್ಕೋರ್ ಕಮ್ಮಿ ಅಂತ ಅವನಿಗೆ ಇನ್ನೊಂದೆರಡು ಪರ್ಸೆಂಟ್ ಜಾಸ್ತಿ. ದುಡ್ಡಿಲ್ಲ ಅನ್ನುವುದೇ ಅವನ ತಪ್ಪು, ಅದಕ್ಕೇ ದಂಡ. ಹೇಗೋ ಹೊಟ್ಟೆ ಕಟ್ಟಿ ಸಾಲವನ್ನು ಬೇಗ ತೀರಿಸುತ್ತೇನೆ ಅಂದರೆ ಅದಕ್ಕೂ ಒಂದು ಶುಲ್ಕ. ಸಾಲ ತೀರಿಸಿದ್ದಕ್ಕೆ ದಂಡ! ಇದರಲ್ಲಿ ನಗುವಂಥದ್ದು ಏನಿದೆ ಅಂತ ನನಗೂ ಗೊತ್ತಾಗುತ್ತಿಲ್ಲ.

ಆದರೂ ಸಹಿ ಹಾಕಿದೆ. ಅಷ್ಟೆಲ್ಲ ಗೊತ್ತಿದ್ದೂ ಯಾಕೆ ಹಾಕಿದಿರಿ ಅಂತ ಕೇಳಬೇಡಿ. ಹೆಂಡತಿ ಕೇಳಿಯಾಗಿದೆ. ಎಲ್ಲ ಕಡೆ ಸಹಿ ಮಾಡಿಸಿಕೊಂಡ ಮೇಲೆ ಹುಡುಗ ಕೀ ಕೊಟ್ಟು ಫೋಟೋ ತೆಗೆದ. ಫೋಟೋದಲ್ಲಿ ನಾನು ಮುಗುಳ್ನಗುತ್ತಿದ್ದೇನೆ. ನನ್ನ ಹಿಂದೆ ನನ್ನ ಹಳೇ ಕಾರು ನಿಂತಿದೆ. ಅದನ್ನು ಅಲ್ಲೇ ಕೊಟ್ಟುಬಂದೆ, ಹೆಚ್ಚುಕಮ್ಮಿ ತೂಕದ ಲೆಕ್ಕದಲ್ಲಿ.

ಅವತ್ತು ರಾತ್ರಿ ನಿದ್ದೆ ಬರದೆ ಎರಡು ಲೆಕ್ಕ ಮಾಡಿದೆ. ಸಹಿಗೆ ಮೊದಲೇ ಮಾಡಬೇಕಿದ್ದ ಲೆಕ್ಕ. ಹಳೇ ಕಾರಿನ ರಿಪೇರಿಗೆ ಅತಿ ಹೆಚ್ಚು ದುಡ್ಡು ಹೋದ ವರ್ಷ ಯಾವುದೋ ಅದರ ಬಿಲ್ಲುಗಳನ್ನೆಲ್ಲ ಕೂಡಿಸಿದೆ. ಹೊಸ ಸಾಲದ ಆರು ಕಂತು ಕೂಡ ಆಗಲಿಲ್ಲ. ಎರಡನೆಯದು ಇನ್ನೂ ಸುಲಭ. ಕಾರಿಗೆ ಈಗ ಆರು ವರ್ಷ, ಸಾಲಕ್ಕೆ ಏಳು. ಕೊನೆಯ ಕಂತು ಕಟ್ಟಿ ಇದು ಪೂರ್ತಿ ನನ್ನದಾಗುವ ದಿನ ಇದಕ್ಕೆ 13 ತುಂಬಿರುತ್ತದೆ. 13 ತುಂಬಿತು ಅಂತಲೇ ಹಿಂದಿನದನ್ನು ಕೊಟ್ಟದ್ದು.

ಮೂರನೇ ಕಂತು ಕಟ್ಟಿದ ವಾರ ಮುಂದಿನ ಎಡಗಡೆಯಿಂದ ಏನೋ ಕೇಳಿಸಿತು. ರೇಡಿಯೋ ಹಾಕಿದೆ. ಇದರ ಸ್ಪೀಕರ್ ಅಷ್ಟು ಜೋರಿಲ್ಲ. ಗ್ಯಾರೇಜಿಗೆ ಹೋದೆ. ಸ್ಪಾನರ್ ಹುಡುಗ ನನ್ನನ್ನು ನೋಡಿದ್ದೇ ಎದ್ದು ಹತ್ತಿರ ಬಂದು ನಿಂತ.

"ಎಂಥಾ ಸೌಂಡು ಸಾರ್?" ಅಂದ ಮೆಕ್ಯಾನಿಕ್.

"ಟಕ್ ಗುರ್... ಟಕ್ ಗುರ್."

ಅವನು ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ.

"ಹಳೇದರಲ್ಲಿ ಗುರ್ ಮೊದಲಿತ್ತು ಅಲ್ವಾ ಸಾರ್?"

ಹೌದು ಅಂದೆ.