ಬಾಯಿ ಅಲ್ಲಾಡಿಸ್ರಿ, ಫೋಟೋ ತೆಗೀಬೇಕು

ಕಲಬುರಗಿಯಲ್ಲಿ ನಾನು ಅತಿಥಿ ಉಪನ್ಯಾಸಕನಾಗಿರುವ ಡಿಗ್ರಿ ಕಾಲೇಜಿಗೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಗೊತ್ತಾಯಿತು. ಮೊದಲು ಗೋಡೆಗೆ ಸುಣ್ಣ ಆಯಿತು. ಆಮೇಲೆ ಬಾಗಿಲಲ್ಲಿ ಹೂಕುಂಡ ಬಂದವು. ಕೊನೆಗೆ ಪಾಠದ ನೆನಪಾಯಿತು.

ಹಳೆ ಪದ್ಧತಿ ಬಿಡಬೇಕು, ವಿದ್ಯಾರ್ಥಿಗಳೇ ಮಾತಾಡಿ ಕಲಿಯಬೇಕು ಅಂತ ನಮಗೆಲ್ಲ ಒಂದು ಕಾರ್ಯಾಗಾರ ಇಟ್ಟರು. ಬ್ಯಾನರ್ ಮೇಲೆ ಹೀಗಿತ್ತು: ‘ಉಪನ್ಯಾಸ ಪದ್ಧತಿಯ ಮಿತಿಗಳು: ವಿಶೇಷ ಉಪನ್ಯಾಸ’. ಹತ್ತೂವರೆಯದು ಹನ್ನೆರಡಕ್ಕೆ ಶುರುವಾಯಿತು. ದೀಪ, ಶಾಲು, ಹಾರ ಮುಗಿದ ಮೇಲೆ ಸಂಪನ್ಮೂಲ ವ್ಯಕ್ತಿ ನಮಗೆ ಬೆನ್ನು ಮಾಡಿ ಪರದೆ ಕಡೆ ತಿರುಗಿದರು. 84 ಸ್ಲೈಡ್. ಅಕ್ಷರ ಬಿಡದೆ ಓದಿದರು. ಏಪ್ರಿಲ್ ತಿಂಗಳು, ಫ್ಯಾನು ಬಿಸಿಗಾಳಿಯನ್ನೇ ಹಂಚುತ್ತಿತ್ತು.

ಓದಿದ್ದು ಮಾತ್ರ ಸುಳ್ಳಲ್ಲ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಅಮೆರಿಕದ ಸಂಶೋಧಕರು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದರು. ಚರ್ಚೆ, ಪ್ರಶ್ನೆ ಇರುವ ಕ್ಲಾಸಿಗಿಂತ ಬರೀ ಉಪನ್ಯಾಸದ ಕ್ಲಾಸಿನಲ್ಲಿ ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು. ಈ ಸ್ಲೈಡ್ ಬಂದಾಗ ನಮ್ಮ ಹಿಂದಿನ ಸಾಲು ಗೊರಕೆ ಹೊಡೆದು ಅನುಮೋದಿಸಿತು. ಯಾರೋ ಕೈ ಎತ್ತಿದರು. "ಪ್ರಶ್ನೆ ಊಟ ಆದ್ಮ್ಯಾಲೆ" ಅಂದರು ಸಾಹೇಬರು. ಊಟ ಆದ ಮೇಲೆ ಅವರಿಗೆ ರೈಲಿತ್ತು.

ಹುಡುಗರೂ ಕಮ್ಮಿ ಇಲ್ಲ ಬಿಡಿ. ಪ್ರಶ್ನೆ ಕೇಳಿದರೆ "ಸರ್, ನೋಟ್ಸ್ ಕೊಡ್ರಿ" ಅನ್ನುತ್ತಾರೆ. ಹಾರ್ವರ್ಡ್ ಹುಡುಗರದ್ದೂ ಇದೇ ಕಥೆ ಅಂತ 2019ರ ಇನ್ನೊಂದು ಅಧ್ಯಯನ ಹೇಳುತ್ತದೆ. ತಾವೇ ಲೆಕ್ಕ ಬಿಡಿಸಿದ ಕ್ಲಾಸಿನಲ್ಲಿ ಜಾಸ್ತಿ ಕಲಿತಿದ್ದರು, ಆದರೆ ಕಮ್ಮಿ ಕಲಿತೆವು ಅಂದುಕೊಂಡಿದ್ದರು. ಸುಮ್ನೆ ಕೂತು ಕೇಳಿದಾಗ ಎಲ್ಲ ತಿಳಿದಂಗೆ ಅನಿಸುತ್ತದೆ, ಅಲ್ವಾ? ನಮ್ಮಲ್ಲಿ ಆ ಭ್ರಮೆಗೆ ಝೆರಾಕ್ಸ್ ಅಂಗಡಿಯ ಆಸರೆಯೂ ಇದೆ.

ಸ್ಮಾರ್ಟ್ ಕ್ಲಾಸ್ ರೂಮೂ ಇದೆ. ಕೀಲಿ ಅಟೆಂಡರ್ ಹತ್ತಿರ ಇರುತ್ತದೆ. ಬೀದರಿನ ಗವಾನ್ ಮದರಸಾ ಅನ್ನುವ ಹಳೆ ವಿದ್ಯಾಲಯದೊಳಗೆ ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ತುಂಬಿಟ್ಟಿದ್ದರಂತೆ, ಅದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು ಅಂತಾರೆ. ನಮಗೆ ಆ ಭಯ ಇಲ್ಲ. ನಾವು ತುಂಬಿಟ್ಟಿರುವುದು ಮುರಿದ ಕುರ್ಚಿ ಮತ್ತು ಹಳೆ ಉತ್ತರ ಪತ್ರಿಕೆ.

ಇನ್ನು ಪುರಾವೆ ಬೇಕಲ್ಲ. ಪುರಾವೆ ಅಂದರೆ ಫೋಟೋ, ಅದರ ಮೇಲೆ ತಾರೀಕು, ಅಕ್ಷಾಂಶ, ರೇಖಾಂಶ ಮೂಡಿರಬೇಕು. ಪಾಠ ಎಲ್ಲಿ ನಡೆಯಿತು ಅಂತ ಉಪಗ್ರಹಕ್ಕೆ ಗೊತ್ತು. ನಡೆಯಿತಾ ಅಂತ ಕೇಳಬಾರದು.

ನನ್ನ ಅರ್ಥಶಾಸ್ತ್ರದ ಕ್ಲಾಸಿಗೆ ‘ಗುಂಪು ಚರ್ಚೆ’ ಬಿತ್ತು. ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂಡಿಸಿದ್ದಾರೆ, ತಿರುಗುವುದಿಲ್ಲ. ಹಾಗಾಗಿ ಹುಡುಗರೇ ತಿರುಗಿದರು. ಮುಂದಿನ ಸಾಲಿನವರು ಡೆಸ್ಕ್ ಮೇಲೆ ಕಾಲು ಮಡಚಿ ಕೂತರು. ಫೋಟೋ ತೆಗೆಯಲು ಬಂದ ಹಿರಿಯ ಸರ್ ಮೊಬೈಲ್ ಎತ್ತಿದರು. "ಮಾತಾಡ್ರಿ."

"ಏನ್ ಮಾತಾಡಬೇಕ್ರಿ ಸರ್?"

"ಏನಾರ ಮಾತಾಡ್ರಿ. ಬಾಯಿ ಅಲ್ಲಾಡಿಸಿದ್ರ ಸಾಕು."

ಬೋರ್ಡ್ ಮೇಲೆ ನಾನು ಬರೆದಿದ್ದ ‘ಪೂರೈಕೆ ನಿಯಮ’ ಹಾಗೇ ಇತ್ತು. ಚಿಂಚೋಳಿ ಕಡೆಯ ಹುಡುಗಿಯೊಬ್ಬಳು ಅದನ್ನು ನೋಡುತ್ತ ಕೇಳಿದಳು: "ನಮ್ಮ ತೊಗರಿ ರಾಶಿ ಆದಾಗ ರೇಟ್ ಬೀಳ್ತದ. ಮತ್ತ ಅಂಗಡ್ಯಾಗ ಬ್ಯಾಳಿ ರೇಟ್ ಯಾಕ ಇಳಿಯಂಗಿಲ್ಲ?"

ಆಳಂದದ ಹುಡುಗ ತಿರುಗಿದ. "ನಿಮ್ಮಪ್ಪ ನಾಕು ತಿಂಗಳು ಇಟ್ಟು ಮಾರಬೇಕಿತ್ತು."

"ಇಡ್ತಾರ. ಸಾಲ ಯಾರು ಕಟ್ಟತಾರ, ನೀ ಕಟ್ಟತೀಯೇನು?"

"ಅದಕ್ಕ ಗೋದಾಮು ಇರ್ತಾವಲ್ಲ."

"ಗೋದಾಮಿನ ಬಾಡಿಗಿ?"

ಹಿಂದಿನ ಬೆಂಚಿನವನು ಎದ್ದು ನಿಂತ. ಅವನು ದಾಲ್ ಮಿಲ್ಲಿನಲ್ಲಿ ಸಂಜೆ ಕೆಲಸ ಮಾಡುತ್ತಾನಂತೆ, ನನಗೆ ಆವತ್ತೇ ಗೊತ್ತಾಗಿದ್ದು. ಕ್ವಿಂಟಾಲಿಗೆ ಎಷ್ಟು ಬೇಳೆ, ಎಷ್ಟು ಹೊಟ್ಟು ಅಂತ ಬೆರಳು ಮಡಚಿ ಲೆಕ್ಕ ಒಪ್ಪಿಸತೊಡಗಿದ. ಮೂರು ವಾರ ನಾನು ಬರೆಸಿದ ಪಾಠ ಮೂರು ನಿಮಿಷದಲ್ಲಿ ಡೆಸ್ಕ್ ಮೇಲೆ ಹರಡಿ ಬಿದ್ದಿತ್ತು. ನನ್ನ ನೋಟ್ಸಿನಲ್ಲಿ ಗೋದಾಮೂ ಇರಲಿಲ್ಲ, ಸಾಲವೂ ಇರಲಿಲ್ಲ.

"ಆತು, ಆತು, ಸುಮ್ಮನಾಗ್ರಿ!" ಹಿರಿಯ ಸರ್ ಮೊಬೈಲ್ ನನ್ನ ಮುಂದೆ ಹಿಡಿದರು. ಹುಡುಗಿಯ ಕೈ ಮೇಲಿತ್ತು, ಆಳಂದದವನ ಹುಬ್ಬು ಗಂಟಾಗಿತ್ತು, ಮಿಲ್ಲಿನ ಹುಡುಗನ ಬಾಯಿ ತೆರೆದಿತ್ತು.

"ಇದು ಜಗಳ ಆದಂಗ ಕಾಣ್ತದ್ರೀ. ಫೈಲಿಗೆ ನಡೆಯಂಗಿಲ್ಲ."

ಇನ್ನೊಂದು ತೆಗೆದರು. ಅದರಲ್ಲಿ ಗುಂಪಿನ ಆರೂ ಜನ ನಗುತ್ತ ಒಂದೇ ಪೆನ್ನು ನೋಡುತ್ತಿದ್ದಾರೆ. ಆಮೇಲೆ ಎಲ್ಲರೂ ಮುಂದೆ ತಿರುಗಿ ಕೂತರು. ನೋಟ್ಸ್ ಎಲ್ಲಿಗೆ ನಿಂತಿತ್ತು ಅಂತ ಆ ಹುಡುಗಿಯೇ ನೆನಪು ಮಾಡಿಕೊಟ್ಟಳು.