ಡೇಟಾ ಹೊರಗೆ ಹೋಗುತ್ತೆ, ಸಂಶೋಧಕ ಮಾತ್ರ ಒಳಗೆ ಬರೋ ಹಾಗಿಲ್ಲ

ನಾನಿರೋ ನೆದರ್ಲ್ಯಾಂಡ್ಸಲ್ಲಿ ರೋಡ್ ಸೈಡಲ್ಲಿ ನಿಂತಿರೋ ಯಾವ ಕಾರಿನ ನಂಬರ್ ಬೇಕಾದ್ರೂ ನೋಡ್ಕೊಂಡು ಆರ್‌ಡಿಡಬ್ಲ್ಯೂ ಅನ್ನೋ ಇವರ ಆರ್‌ಟಿಓ ವೆಬ್‌ಸೈಟಲ್ಲಿ ಹಾಕಿ, ಗಾಡಿ ಜಾತಕ ಪೂರ್ತಿ ಬರುತ್ತೆ. ಯಾವ ವರ್ಷದ್ದು, ಯಾವ ಬಣ್ಣ, ಎಷ್ಟು ತೂಕ, ಇನ್ಶೂರೆನ್ಸ್ ಇದ್ಯಾ ಇಲ್ವಾ, ಫಿಟ್ನೆಸ್ ಯಾವತ್ತು ಮುಗಿಯುತ್ತೆ, ಎಲ್ಲ. ಓನರ್ ಯಾರು ಅಂತ ಮಾತ್ರ ಹೇಳಲ್ಲ. ಇದಕ್ಕೆ ಕಾಸೂ ಕೊಡ್ಬೇಕಿಲ್ಲ, ಇಡೀ ದೇಶದ ಗಾಡಿಗಳ ಪಟ್ಟೀನೇ ಓಪನ್ ಡೇಟಾ ಅಂತ ಇಟ್ಟಿದಾರೆ, ಸ್ಟೂಡೆಂಟ್ ಆಗ್ಲಿ ಕಂಪನಿ ಆಗ್ಲಿ ಡೌನ್‌ಲೋಡ್ ಮಾಡ್ಕೊಂಡು ಏನ್ ಬೇಕಾದ್ರೂ ಲೆಕ್ಕ ಹಾಕ್ಕೊಳ್ಲಿ ಅಂತ.

ನಮ್ಮಲ್ಲಿ ಏನಾಯ್ತು ನೋಡಿ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬಲ್ಕ್ ಡೇಟಾ ಪಾಲಿಸಿ ಅಂತ ಒಂದು ತಂತು, ನಮ್ಮ ಗಾಡಿ ರಿಜಿಸ್ಟ್ರೇಷನ್ ಡೇಟಾಗೆ ರೇಟ್ ಕಟ್ಟಿಬಿಟ್ರು. ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ, ರಿಸರ್ಚ್ ಮಾಡೋ ವಿದ್ಯಾಸಂಸ್ಥೆಗಳಿಗೆ 5 ಲಕ್ಷ. ಅದೇ ಜುಲೈಲಿ ರಾಜ್ಯಸಭೇಲಿ ಮಂತ್ರಿಗಳೇ ಹೇಳಿದ್ರು, 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ವಾಹನ್, ಸಾರಥಿ ಅನ್ನೋ ಗಾಡಿ, ಲೈಸೆನ್ಸ್ ಡೇಟಾ ಕೊಟ್ಟಿದೀವಿ, 65 ಕೋಟಿ ಬಂದಿದೆ ಅಂತ. ತಮಾಷೆ ಏನಪ್ಪಾ ಅಂದ್ರೆ ಬೇರೆ ಬೇರೆ ಡೇಟಾ ಒಟ್ಟಿಗೆ ಇಟ್ಟು ತಾಳೆ ನೋಡಿದ್ರೆ ವ್ಯಕ್ತಿ ಯಾರು ಅಂತ ಗೊತ್ತಾಗೋ ಚಾನ್ಸ್ ಇದೆ ಅಂತ ಆ ಪಾಲಿಸೀಲೇ ಬರ್ದಿತ್ತು. ಬರ್ದು, ಗೊತ್ತಿದ್ದೂ ಮಾರಿದ್ರು. 2020ರ ಜೂನಲ್ಲಿ ಪಾಲಿಸಿ ರದ್ದಾಯ್ತು, ಆದ್ರೆ ಹೋಗಿದ್ ಡೇಟಾ ಹೋಯ್ತು ಬಿಡಿ, ಅದನ್ನೇನು ಯಾರೂ ಬಸ್ ಹತ್ತಿಸಿ ವಾಪಸ್ ಕಳಿಸಲ್ಲ.

ತಾಳೆ ಹಾಕೋದು ಎಷ್ಟು ಸುಲಭ ಅಂತ ಯೂನಿವರ್ಸಿಟಿಯವರು ಯಾವತ್ತೋ ತೋರಿಸಿದಾರೆ. ಅಮೆರಿಕದಲ್ಲಿ ಲಟಾನ್ಯಾ ಸ್ವೀನಿ ಅನ್ನೋ ಸಂಶೋಧಕಿ 1990ರ ಸೆನ್ಸಸ್ ಇಟ್ಕೊಂಡು ಲೆಕ್ಕ ಹಾಕಿದ್ರು, ಪಿನ್‌ಕೋಡ್, ಹುಟ್ಟಿದ ತಾರೀಕು, ಗಂಡೋ ಹೆಣ್ಣೋ, ಈ ಮೂರೇ ಸಾಕು ಅಲ್ಲಿನ ಶೇ. 87ರಷ್ಟು ಜನರನ್ನ ಬೇರೆ ಯಾರ ಜೊತೆಗೂ ಸೇರದ ಹಾಗೆ ಒಬ್ಬೊಬ್ಬರನ್ನೇ ಎತ್ತಿ ತೋರಿಸೋಕೆ. 2013ರಲ್ಲಿ ಇನ್ನೊಂದು ಸ್ಟಡಿ, 15 ಲಕ್ಷ ಜನರ ಮೊಬೈಲ್ ಲೊಕೇಷನ್ ಡೇಟಾ, ಹೆಸರಿಲ್ಲ ನಂಬರಿಲ್ಲ, ಆದ್ರೂ ಒಬ್ಬ ಮನುಷ್ಯ ಯಾವ ಹೊತ್ತಲ್ಲಿ ಎಲ್ಲಿದ್ದ ಅನ್ನೋ ನಾಕೇ ನಾಕು ಪಾಯಿಂಟ್ ಸಿಕ್ಕಿದ್ರೆ ಶೇ. 95 ಜನ ಬೇರೆ ಬೇರೆಯಾಗಿ ಎದ್ದು ಕಾಣ್ತಾರೆ. ಅಂದ್ಮೇಲೆ ಹೆಸರು ತೆಗ್ದಿದೀವಿ, ಚಿಂತೆ ಬೇಡ ಅನ್ನೋ ಮಾತನ್ನ ನಂಬೋದು ಬಿಡ್ಬೇಕು. ಅಷ್ಟಕ್ಕೂ ನಮ್ಮೂರಲ್ಲಿ ಹೆಸರು ತೆಗೆಯೋ ಕಷ್ಟಾನೂ ಎಷ್ಟೋ ಸಲ ಯಾರೂ ತಗೊಳಲ್ಲ. 2023ರಲ್ಲಿ ಬೆಂಗಳೂರಲ್ಲಿ ಆಸ್ತಿ ರಿಜಿಸ್ಟರ್ ಮಾಡಿಸಿದವರ ಅಕೌಂಟಿಂದ ದುಡ್ಡು ಹೋದ ಕೇಸುಗಳು ನೆನಪಿರ್ಬೇಕು, ಕ್ರಯಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ಕಾಪಿ ಹೊಡೆದು ಆಧಾರ್ ಪೇಮೆಂಟಿಂದ ದುಡ್ಡು ಎತ್ತಿದ್ರು ಅಂತ, ಆಮೇಲೆ ಬಯೋಮೆಟ್ರಿಕ್ ಲಾಕ್ ಮಾಡ್ಕೊಳಿ ಅಂತ ಎಲ್ಲರ ಫ್ಯಾಮಿಲಿ ಗ್ರೂಪಲ್ಲೂ ಮೆಸೇಜ್ ಓಡಾಡ್ತು.

ಇಲ್ಲಿಗೆ ಬಂದು ಇದನ್ನೆಲ್ಲ ಬರಿಯೋ ಹೊರನಾಡಿನವರು ಒಂದೇ ರಾಗ ಹಾಡ್ತಾರೆ, ಯೂರೋಪಲ್ಲಿ ಪ್ರೈವಸಿ ಅಂದ್ರೆ ಪ್ರಾಣ, ನಮ್ಮಲ್ಲಿ ಯಾರಿಗೂ ಬೆಲೆ ಗೊತ್ತಿಲ್ಲ ಅಂತ. ನಂಗೆ ಆ ಮಾತು ಸರಿ ಅನ್ಸಲ್ಲ. ಇಲ್ಲೂ ಒಂದಿಷ್ಟು ಯೂರೋ ಕೊಟ್ರೆ ಯಾವ ಮನೆ ಯಾರ ಹೆಸರಲ್ಲಿದೆ, ಎಷ್ಟಕ್ಕೆ ತಗೊಂಡ್ರು, ಅದರ ಮೇಲೆ ಸಾಲ ಇದ್ಯಾ ಅಂತ ಭೂದಾಖಲೆ ಆಫೀಸಿಂದ ತಿಳ್ಕೊಬೋದು, ನಮ್ಮ ಪಹಣಿ ಥರಾನೇ. ಇನ್ನು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜುಗಳ ಬಾಯಲ್ಲಿ 2017ರಲ್ಲಿ ಹೇಳಿಸಿದ ಕೇಸ್ ಯಾರ್ದು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು, ಎಂಬತ್ತು ದಾಟಿದ ವಯಸ್ಸಲ್ಲಿ ಹಾಕಿದ ಕೇಸು. ಬೆಲೆ ಗೊತ್ತಿಲ್ಲ ಅಂತ ಹೆಂಗೆ ಹೇಳೋದು.

ಅದೂ ಅಲ್ದೆ ಡಚ್ಚರು ಮಾಡಿರೋ ಅನಾಹುತ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಮಕ್ಕಳನ್ನ ಡೇಕೇರಿಗೆ ಬಿಡೋ ಪೇರೆಂಟ್ಸಿಗೆ ಸರ್ಕಾರ ಕೊಡೋ ಸಹಾಯಧನದಲ್ಲಿ ಮೋಸ ಹಿಡೀತೀವಿ ಅಂತ ಟ್ಯಾಕ್ಸ್ ಇಲಾಖೆ ರಿಸ್ಕ್ ಸ್ಕೋರ್ ಕೊಡೋ ಸಿಸ್ಟಮ್ ಇಟ್ಕೊಂಡಿತ್ತು, ಡಚ್ ಪೌರತ್ವ ಇಲ್ಲದವರಿಗೆ ಸ್ಕೋರ್ ಜಾಸ್ತಿ. ಫಾರ್ಮಲ್ಲಿ ಒಂದು ಸಹಿ ಬಿಟ್ಟಿದ್ರೂ ಕೊಟ್ಟ ದುಡ್ಡೆಲ್ಲ ವಾಪಸ್ ಕಟ್ಟಿ ಅಂತ ನೋಟಿಸ್, ಹತ್ತಾರು ಸಾವಿರ ಯೂರೋ. ಮನೆ ಹೋಯ್ತು, ಡೈವೋರ್ಸ್ ಆಯ್ತು, ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಮನೆಯಿಂದ ಬೇರೆ ಕಡೆ ಕಳಿಸಿದ್ರು. ನಮ್ಮ ಫೈಲ್ ತೋರಿಸಿ ಅಂತ ಕೇಳಿದ ಪೇರೆಂಟ್ಸಿಗೆ ಪುಟಪೂರ್ತಿ ಕಪ್ಪು ಬಳಿದ ಕಾಗದ ಕೊಟ್ರು. 2021ರ ಜನವರೀಲಿ ಆಗಿನ ಪ್ರಧಾನಿ ರುಟ್ಟೆ ಸರ್ಕಾರ ಇದೇ ವಿಷಯಕ್ಕೆ ರಾಜೀನಾಮೆ ಕೊಡ್ತು. ಸಿರಿ ಅಂತ ಇನ್ನೊಂದಿತ್ತು, ಫೋನಲ್ಲಿ ಮಾತಾಡೋದಲ್ಲ, ಹದಿನೇಳು ಥರದ ಸರ್ಕಾರಿ ಡೇಟಾ ಕಲಸಿ ಯಾರು ಮೋಸಗಾರರು ಅಂತ ಊಹೆ ಮಾಡೋಕೆ ಕಾನೂನೇ ಒಪ್ಪಿಗೆ ಕೊಟ್ಟಿದ್ದ ಸಿಸ್ಟಮ್. ಬಡವರು, ವಲಸೆ ಬಂದವರು ಇರೋ ಏರಿಯಾಗಳ ಮೇಲೇ ಬಿಟ್ರು, ನಾನಿರೋ ಐಂಡ್‌ಹೋವನ್ನಲ್ಲೂ ಬಿಟ್ಟಿದ್ರು. ಹೇಗ್ ನಗರದ ಜಿಲ್ಲಾ ಕೋರ್ಟ್ 2020ರ ಫೆಬ್ರವರಿ 5ಕ್ಕೆ ಇದು ಮಾನವ ಹಕ್ಕಿಗೆ ವಿರುದ್ಧ, ಒಳಗೆ ಏನ್ ನಡೀತಿದೆ ಅಂತ ಯಾರಿಗೂ ಪರೀಕ್ಷೆ ಮಾಡೋಕಾಗಲ್ಲ ಅಂತ ನಿಲ್ಲಿಸ್ತು. ರಾಟರ್‌ಡ್ಯಾಮಲ್ಲಂತೂ 2021ರ ತನಕ ಭತ್ಯೆ ತಗೊಳೋರಿಗೆ ಅಂಕ ಹಾಕೋ ಸಿಸ್ಟಮ್ಮಲ್ಲಿ ಡಚ್ ಭಾಷೆ ಎಷ್ಟು ಬರುತ್ತೆ ಅನ್ನೋದೂ ಒಂದು ಅಂಶ, ನಾನೇನಾದ್ರೂ ಆ ಪಟ್ಟೀಲಿ ಇದ್ದಿದ್ರೆ ಬೆಳಿಗ್ಗೆ ಎದ್ದ ಕೂಡ್ಲೇ ಬಾಗಿಲಿಗೆ ಅಧಿಕಾರಿ ಬರ್ತಿದ್ದ.

ಹಾಗಾದ್ರೆ ವ್ಯತ್ಯಾಸ ಎಲ್ಲಿದೆ ಅಂದ್ರೆ, ನಂಗೆ ಕಾಣೋದು ಒಂದೇ ಕಡೆ. ಇಲ್ಲಿ ಸಿಬಿಎಸ್ ಅಂತ ಸರ್ಕಾರಿ ಅಂಕಿಅಂಶ ಸಂಸ್ಥೆ ಇದೆ. ದೇಶದ ಪ್ರತಿಯೊಬ್ಬರ ಸಂಬಳ, ಓದು, ಮನೆ, ಭತ್ಯೆ ಎಲ್ಲದರ ರಿಜಿಸ್ಟರೂ ಅಲ್ಲಿ ಬಂದು ಸೇರುತ್ತೆ. ಅಷ್ಟು ಡೇಟಾ ಒಂದೇ ಕಡೆ ಅಂದ್ರೆ ಭಯ ಆಗ್ಬೇಕು, ಆಗುತ್ತೆ ಕೂಡ. ಆದ್ರೆ ಒಪ್ಪಿಗೆ ಸಿಕ್ಕ ಯೂನಿವರ್ಸಿಟಿಯವರು ಅದರ ಮೇಲೆ ಕೆಲಸ ಮಾಡ್ಬೋದು. ಹೆಂಗೆ ಅಂದ್ರೆ ಲೈಬ್ರರಿ ರೆಫರೆನ್ಸ್ ಸೆಕ್ಷನ್ ಥರ, ಅಲ್ಲೇ ಕೂತು ಓದು, ಮನೆಗೆ ಕೊಡಲ್ಲ. ಹೆಸರು ವಿಳಾಸ ತೆಗೆದ ಡೇಟಾ ಅವರ ಸರ್ವರಲ್ಲೇ ಇರುತ್ತೆ, ನೀವು ದೂರದಿಂದ ಲಾಗಿನ್ ಆಗಿ ಅಲ್ಲೇ ಲೆಕ್ಕ ಹಾಕ್ಬೇಕು, ಕೊನೆಗೆ ಬಂದ ಟೇಬಲ್ಲನ್ನೂ ಚೆಕ್ ಮಾಡಿಯೇ ಹೊರಗೆ ಬಿಡೋದು. ಇಲ್ಲಿ ಪಿಎಚ್‌ಡಿ ಮಾಡ್ತಿರೋ ಹಾಸನದ ಹುಡುಗಿ ಒಬ್ಬಳು ಸಿಕ್ಕಾಗೆಲ್ಲ ಗೊಣಗ್ತಾಳೆ, "ಅಣ್ಣಾ, ಒಂದು ಕಾಲಮ್ಮಲ್ಲಿ ಜನ ಕಮ್ಮಿ ಇದಾರೆ ಅಂತ ನನ್ ಟೇಬಲ್ ವಾಪಸ್ ಕಳಿಸಿದ್ರು, ದುಡ್ಡೂ ಕಟ್ಬೇಕು, ಬೈಸ್ಕೊಳೋದೂ ನಾವೇ" ಅಂತ. ನಾನು ನಕ್ಕು ಸುಮ್ನಾಗ್ತೀನಿ, ಯಾಕಂದ್ರೆ ಜನ ಕಮ್ಮಿ ಇದ್ರೆ ಯಾರು ಅಂತ ಗೊತ್ತಾಗ್ಬಿಡುತ್ತೆ, ಆ ಕಾಲಮ್ಮಲ್ಲಿ ಇರೋ ನಾಕು ಜನದಲ್ಲಿ ನಾನೂ ಒಬ್ಬ ಆಗಿರ್ಬೋದು.

ಇದರಿಂದ ಏನ್ ಉಪಯೋಗ ಅಂತ ಕೇಳೋರಿಗೆ ಒಂದು ಉದಾಹರಣೆ ಕೊಡ್ತೀನಿ, ಈ ಇಡೀ ಬರಹದಲ್ಲಿ ನಂಗೆ ಮುಖ್ಯ ಅನ್ಸಿರೋದು ಇದೇ. ಡೂಓ ಅಂತ ಸ್ಟೂಡೆಂಟ್ಸಿಗೆ ಸರ್ಕಾರದ ಗ್ರಾಂಟ್ ಕೊಡೋ ಆಫೀಸಿದೆ. ಅಪ್ಪ ಅಮ್ಮನ ಮನೇಲಿ ಇರದೆ ಬೇರೆ ಇದ್ರೆ ಗ್ರಾಂಟ್ ಜಾಸ್ತಿ, ಹಾಗಾಗಿ ಸುಳ್ಳು ವಿಳಾಸ ಕೊಡೋರನ್ನ ಹಿಡಿಯೋಕೆ ಒಂದು ರಿಸ್ಕ್ ಲೆಕ್ಕ ಇಟ್ಟಿದ್ರು. ವಯಸ್ಸು ಕಮ್ಮಿ ಇದ್ರೆ, ನಮ್ಮ ಐಟಿಐ ಡಿಪ್ಲೊಮಾ ಥರದ ಕೋರ್ಸ್ ಮಾಡ್ತಿದ್ರೆ, ಅಪ್ಪ ಅಮ್ಮನ ಮನೆ ಹತ್ರಾನೇ ರೂಮ್ ಮಾಡಿದ್ರೆ ಸ್ಕೋರ್ ಏರುತ್ತೆ. ಎಲ್ಲೂ ಮೂಲ ದೇಶ ಯಾವ್ದು ಅನ್ನೋ ಕಾಲಮ್ಮೇ ಇಲ್ಲ. ನಾವು ಭೇದ ಮಾಡೋಕೆ ಸಾಧ್ಯಾನೇ ಇಲ್ಲ, ಆ ಡೇಟಾ ನಮ್ಮ ಹತ್ರ ಇಲ್ವಲ್ಲ ಅಂತ ಯಾವ ಆಫೀಸ್ ಬೇಕಾದ್ರೂ ಹೇಳ್ಬೋದು. 2023ರಲ್ಲಿ ಪತ್ರಕರ್ತರು ಎಬ್ಬಿಸಿದ್ರು, ಸಿಕ್ಕಿಬೀಳ್ತಿರೋರಲ್ಲಿ ವಲಸಿಗರ ಮಕ್ಕಳೇ ಜಾಸ್ತಿ ಇದಾರಲ್ಲ ಅಂತ. ಆಮೇಲೆ ಹೊರಗಿನ ಆಡಿಟ್ ತಂಡ ಸಿಬಿಎಸ್ ಹತ್ರ ಇರೋ ಮೂಲ ದೇಶದ ಅಂಕಿಅಂಶಾನ ಡೂಓ ಪಟ್ಟಿ ಜೊತೆ ತಾಳೆ ಹಾಕಿಸ್ತು, ಒಬ್ಬ ಸ್ಟೂಡೆಂಟಿನ ಹೆಸರೂ ಹೊರಗೆ ಬರದ ಹಾಗೆ. ಆರೋಪ ನಿಜ ಅಂತ ಲೆಕ್ಕದಲ್ಲೇ ಸಾಬೀತಾಯ್ತು. 2024ರ ನವೆಂಬರಲ್ಲಿ ಸರ್ಕಾರ 6.1 ಕೋಟಿ ಯೂರೋ ಪರಿಹಾರ ಘೋಷಣೆ ಮಾಡ್ತು, 10 ಸಾವಿರಕ್ಕೂ ಜಾಸ್ತಿ ಸ್ಟೂಡೆಂಟ್ಸಿಗೆ.

ಅದೇ ನವೆಂಬರಲ್ಲೇ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಗಲಾಟೆ. ಅನರ್ಹರನ್ನ ತೆಗಿತೀವಿ ಅಂತ ಡೇಟಾ ತಾಳೆ ಹಾಕಿ ಕಾರ್ಡುಗಳನ್ನ ಎಪಿಎಲ್‌ಗೆ ತಳ್ಳಿದ್ರು, ರದ್ದು ಮಾಡಿದ್ರು, ಎಷ್ಟೋ ಜನಕ್ಕೆ ಗೊತ್ತಾಗಿದ್ದೇ ಚೀಲ ಹಿಡ್ಕೊಂಡು ಸೊಸೈಟಿ ಮುಂದೆ ನಿಂತಾಗ. ಗಲಾಟೆ ಜೋರಾದ್ಮೇಲೆ ಸರ್ಕಾರಿ ನೌಕರರು, ಇನ್ಕಮ್ ಟ್ಯಾಕ್ಸ್ ಕಟ್ಟೋರನ್ನ ಬಿಟ್ಟು ಮಿಕ್ಕವರಿಗೆ ವಾಪಸ್ ಕೊಡ್ತೀವಿ ಅಂದ್ರು. ಸರಿ, ಕೊಟ್ರು ಅಂತ್ಲೇ ಇಟ್ಕೊಳಿ. ಆದ್ರೆ ಗಾಡಿ ಲೋನ್ ಸಿಗ್ಲಿ ಅಂತ ಆಡಿಟರ್ ಹತ್ರ ಹೋಗಿ ಐಟಿ ರಿಟರ್ನ್ ಹಾಕಿಸಿದ ಆಟೋದವನು ಒಂದು ಪೈಸೆ ಟ್ಯಾಕ್ಸ್ ಕಟ್ಟಿರಲ್ಲ, ಕಂಪ್ಯೂಟರಿಗೆ ರಿಟರ್ನ್ ಹಾಕಿದವನೂ ಟ್ಯಾಕ್ಸ್ ಕಟ್ಟಿದವನೂ ಒಂದೇ ಥರ ಕಂಡ್ರೆ ಅವನ ಅಕ್ಕಿ ಹೋಯ್ತು. ಎಷ್ಟು ಜನಕ್ಕೆ ಹಿಂಗಾಯ್ತು, ಯಾವ ತಾಲ್ಲೂಕಲ್ಲಿ ಜಾಸ್ತಿ, ಒಂಟಿ ಹೆಂಗಸರ ಮನೆ ಎಷ್ಟು, ಯಾವ ಜಾತಿಯವರದ್ದು ಜಾಸ್ತಿ ಹೋಯ್ತು, ಇದನ್ನ ಇಲಾಖೆಯವರೇ ಹೇಳ್ಬೇಕೇ ಹೊರತು ಹೊರಗಿನವರು ಕೂತು ಲೆಕ್ಕ ಹಾಕೋ ದಾರಿ ಎಲ್ಲಿ? ಪಕ್ಕದ ತೆಲಂಗಾಣದಲ್ಲಿ 19 ಲಕ್ಷ ಕಾರ್ಡ್ ರದ್ದಾಗಿತ್ತು, ಮನೆ ಮನೆಗೆ ಹೋಗಿ ಮತ್ತೆ ನೋಡಿ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು.

ಡೇಟಾ ಇಲ್ಲ ಅಂತಲ್ಲ ಕಣ್ರೀ, ಬೇಕಾದಷ್ಟಿದೆ. ರೇಷನ್ ಕಾರ್ಡ್ ಮೇಲೆ ಕಟ್ಟಿರೋ ಕುಟುಂಬ ಡೇಟಾಬೇಸ್ ಇದೆ, ರೈತರಿಗೆ ಫ್ರೂಟ್ಸ್ ಅನ್ನೋ ಡೇಟಾಬೇಸ್ ಇದೆ, ಜಮೀನಿನ ದಾಖಲೆಗೆ ಭೂಮಿ ಅಂತ ಇದೆ. 2025ರ ಸೆಪ್ಟೆಂಬರಲ್ಲಿ ಜಾತಿ ಸಮೀಕ್ಷೆಗೆ ಅಂತ ಮೇಷ್ಟ್ರುಗಳು ಮನೆ ಮನೆಗೆ ಬಂದು 60 ಪ್ರಶ್ನೆ ಕೇಳಿದ್ರು, ನಮ್ಮ ಅತ್ತೆ ಫೋನಲ್ಲಿ ಗೋಳು, ಚಿನ್ನ ಎಷ್ಟಿದೆ ಅಂತ ಕೇಳ್ತಾರಂತೆ ಅಂತ ಯಾರೋ ಹೆದರಿಸಿದಾರೆ ಅಂತ. ಹೈಕೋರ್ಟ್ ಆಗ ಎರಡು ಮಾತು ಹೇಳ್ತು, ಉತ್ತರ ಕೊಡೋದು ಜನರ ಇಷ್ಟ, ಮಾಹಿತಿ ಗುಟ್ಟಾಗಿರ್ಬೇಕು. ಒಳ್ಳೇದೇ. ಇಂಥದ್ದೇ ಗಲಾಟೆ ಇಲ್ಲಿ ನೆದರ್ಲ್ಯಾಂಡ್ಸಲ್ಲಿ 1971ರ ಜನಗಣತೀಲಿ ಆಗಿತ್ತು, ಅದೇ ಕೊನೆ, ಆಮೇಲೆ ಮನೆ ಬಾಗಿಲಿಗೆ ಬಂದು ಜನಗಣತಿ ಮಾಡೋದನ್ನೇ ಬಿಟ್ಟುಬಿಟ್ರು. ಅವರ ಭಯಕ್ಕೆ ಕಾರಣ ಇತ್ತು. ಯುದ್ಧದ ಕಾಲದಲ್ಲಿ ನಾಜಿಗಳ ಕೈಗೆ ಸಿಕ್ಕ ಜನಸಂಖ್ಯಾ ರಿಜಿಸ್ಟರಲ್ಲಿ ಯಾರು ಯೆಹೂದಿ ಅಂತ ಅಚ್ಚುಕಟ್ಟಾಗಿ ಬರ್ದಿತ್ತು, 1943ರ ಮಾರ್ಚಲ್ಲಿ ಆಮ್‌ಸ್ಟರ್‌ಡ್ಯಾಮಿನ ರಿಜಿಸ್ಟರ್ ಆಫೀಸಿಗೇ ಹೋರಾಟಗಾರರು ಬಾಂಬಿಟ್ರು, ಆ ಕಾರ್ಡುಗಳು ಸುಟ್ಟು ಹೋಗ್ಲಿ ಅಂತ. ಈ ದೇಶದ ಯೆಹೂದಿಗಳಲ್ಲಿ ಮುಕ್ಕಾಲು ಪಾಲು ಬದುಕಿ ಉಳೀಲಿಲ್ಲ. ಇಷ್ಟೆಲ್ಲ ಗೊತ್ತಿರೋ ಜನ ಡೇಟಾ ಸುಟ್ಟು ಹಾಕೋ ಬದಲು ಬೀಗ ಹಾಕಿದ ರೂಮ್ ಕಟ್ಟಿದ್ರು, ಬೀಗದ ಕೈ ಸಂಶೋಧಕರಿಗೂ ಕೊಟ್ರು.

ಸಂಶೋಧಕರೇನು ದೇವರಾ ಅಂತ ಕೇಳ್ಬೋದು. ಅಲ್ಲವೇ ಅಲ್ಲ. ಚುನಾವಣಾ ಪ್ರಚಾರಕ್ಕೆ ಜನರ ಡೇಟಾ ಬಳಸ್ತಿದ್ದ ಕೇಂಬ್ರಿಡ್ಜ್ ಅನಾಲಿಟಿಕಾ ಕಂಪನಿಗೆ 8.7 ಕೋಟಿ ಫೇಸ್‌ಬುಕ್ ಪ್ರೊಫೈಲ್ ಒಟ್ಟು ಮಾಡಿ ಕೊಟ್ಟವನು ಯೂನಿವರ್ಸಿಟಿ ಮೇಷ್ಟ್ರೇ, ಅದರಲ್ಲಿ ಭಾರತದವರು 5.62 ಲಕ್ಷ ಇರ್ಬೋದು ಅಂತ ಫೇಸ್‌ಬುಕ್ಕೇ ಹೇಳಿತ್ತು. ಅದಕ್ಕೇ ಹೇಳ್ತಿರೋದು, ಫೈಲ್ ಅವರ ಲ್ಯಾಪ್‌ಟಾಪಿಗೆ ಕೊಡ್ಬೇಡಿ, 5 ಲಕ್ಷ ಕಟ್ಟಿದ್ರೂ ಕೊಡ್ಬೇಡಿ, ಅವರನ್ನೇ ಫೈಲ್ ಇರೋ ಕಡೆ ಕರ್ಸಿ.

ನಮ್ಮ 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾನೂನು ರಿಸರ್ಚಿಗೆ ವಿನಾಯಿತಿ ಕೊಟ್ಟಿದೆ, ಯಾರೋ ಒಬ್ಬ ವ್ಯಕ್ತಿ ಬಗ್ಗೆ ತೀರ್ಮಾನ ತಗೊಳೋಕೆ ಬಳಸಬಾರ್ದು, ನಿಯಮದ ಪ್ರಕಾರ ಮಾಡ್ಬೇಕು ಅಷ್ಟೇ. ಆದ್ರೆ ಸರ್ಕಾರ ಬಾಗಿಲು ತೆಗೀಲೇಬೇಕು ಅಂತ ಎಲ್ಲೂ ಇಲ್ಲ, ಸರ್ಕಾರಿ ಸಂಸ್ಥೆಗಳನ್ನ ಕೇಂದ್ರ ಸರ್ಕಾರ ಕಾನೂನಿಂದ ಹೊರಗಿಡೋ ದಾರಿ ಇದೆ, ಮೇಲಿಂದ ಆರ್‌ಟಿಐನ 8(1)(ಜೆ) ಬದಲಾಯಿಸಿ ವೈಯಕ್ತಿಕ ಮಾಹಿತಿ ಅಂದ್ರೆ ಕೊಡಲ್ಲ ಅನ್ನೋದು ಸುಲಭ ಮಾಡಿದಾರೆ. ಅಂದ್ರೆ ಲೋನ್ ಬೇಕಾ ಸಾರ್ ಅಂತ ಫೋನ್ ಮಾಡೋ ಹುಡುಗನಿಗೆ ನನ್ನ ಡೇಟಾ ಸಿಗುತ್ತೆ, ಯಾರ ಕಾರ್ಡ್ ಯಾಕೆ ಹೋಯ್ತು ಅಂತ ಲೆಕ್ಕ ಹಾಕೋ ಹುಡುಗಿಗೆ ನನ್ನ ಪ್ರೈವಸಿ ಅಡ್ಡ ಬರುತ್ತೆ.

ಬೆಂಗಳೂರಿನ ನಾಗರಭಾವೀಲಿ ಐಸೆಕ್ ಅನ್ನೋ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಇದೆ, 1972ರಿಂದ ಇಂಥ ಕೆಲಸಾನೇ ಮಾಡ್ತಿದಾರೆ. ಅಲ್ಲೊಂದು ರೂಮ್ ಸಾಕು. ನೆಟ್ ಇಲ್ಲದ ಕಂಪ್ಯೂಟರ್, ಫೋನ್ ಪೆನ್‌ಡ್ರೈವ್ ಗೇಟಲ್ಲೇ ಬಿಟ್ಟು ಒಳಗೆ ಹೋಗೋದು, ಹೊರಗೆ ಬರೋ ಪ್ರತಿ ಟೇಬಲ್ಲೂ ಚೆಕ್ ಆಗೋದು. ಮುಂದಿನ ಸಲ ಕಾರ್ಡ್ ರದ್ದು ಮಾಡೋ ಪಟ್ಟಿ ರೆಡಿ ಆದ್ಮೇಲೆ ಸೊಸೈಟಿ ಬಾಗಿಲಿಗೆ ಅಂಟಿಸೋಕೆ ಮುಂಚೆ ಒಂದು ತಿಂಗಳು ಆ ರೂಮಿಗೆ ಕಳಿಸ್ಲಿ, ಅಲ್ಲಿಂದ ಬರೋ ರಿಪೋರ್ಟನ್ನ ಕನ್ನಡದಲ್ಲೇ ಹಾಕ್ಲಿ, ಆಮೇಲೆ ಯಾರ ಹೆಸರು ತೆಗಿಬೇಕೋ ತೆಗೀಲಿ, ಕಾರಣ ಬರ್ದು ತೆಗೀಲಿ.